ನೀರುಹಲ್ಲಿಗೆ ಮುದ್ದೆ ಕಟ್ಟಿದ ಇನ್‌ಸ್ಪೆಕ್ಟರು

ಹೋದ ತಿಂಗಳು ಅವರು ತೀರಿಕೊಂಡರು. ತಿಥಿಗೆ ಹೋಗಿದ್ದೆ. ಬಂದವರೆಲ್ಲ ಒಬ್ಬರಾದ ಮೇಲೊಬ್ಬರು ಅವರ ಗುಣಗಾನ ಮಾಡುತ್ತಿದ್ದರು. ಬದುಕಿದ್ದಾಗ ಅವರೇ ಯಾರ ತಿಥಿಗೆ ಹೋದರೂ ಎಲೆಯ ಮುಂದೆ ಕೂತು, "ಇದ್ದಾಗ ಒಂದು ಲೋಟ ಕಾಫಿ ಕೊಡ್ಲಿಲ್ಲ ಪುಣ್ಯಾತ್ಮ, ಸತ್ತು ಹೋಳಿಗೆ ಹಾಕಿಸ್ತಾವ್ನೆ" ಎಂದು ಸಾಲಿಗೆಲ್ಲ ಕೇಳುವಂತೆ ಹೇಳಿ ಇನ್ನೊಂದು ಹೋಳಿಗೆ ಹಾಕಿಸಿಕೊಳ್ಳುತ್ತಿದ್ದರು. ಹಾಗಾಗಿ ಅವರ ಬಗ್ಗೆ ನಾನು ಇದ್ದದ್ದನ್ನು ಇದ್ದ ಹಾಗೆ ಬರೆದರೆ ಅವರ ಆತ್ಮಕ್ಕೇನೂ ಬೇಜಾರಾಗುವುದಿಲ್ಲ.

ಊರಿಗೆಲ್ಲ ಅವರು ಇನ್‌ಸ್ಪೆಕ್ಟರು. ಪೊಲೀಸ್ ಅಲ್ಲ, ರೇಷ್ಮೆ ಇನ್‌ಸ್ಪೆಕ್ಟರು. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಎಂದು ವರ್ಗವಾದಲ್ಲೆಲ್ಲ ಹಳ್ಳಿ ಸುತ್ತಿ, ರೈತರ ಮನೆಯ ರೇಷ್ಮೆಹುಳ ನೋಡಿ, ಹಿಪ್ಪುನೇರಳೆ ಸೊಪ್ಪು ಮುಟ್ಟಿ, ಮನೆಯವರನ್ನೆಲ್ಲ ಸಾಲಾಗಿ ಬೈದು ಬರುವುದು ಮೂವತ್ತು ವರ್ಷ ಅವರು ಮಾಡಿದ ಕೆಲಸ. ಪೊಲೀಸ್ ಇನ್‌ಸ್ಪೆಕ್ಟರು ಬಂದರೆ ಕಳ್ಳರು ಮಾತ್ರ ಓಡುತ್ತಾರೆ. ಇವರ ಸೈಕಲ್ ಊರ ಬಾಗಿಲಲ್ಲಿ ಕಂಡರೆ ಸಾಚಾ ರೈತರೂ ಹಿತ್ತಿಲಿನಿಂದ ಜಾಗ ಖಾಲಿ ಮಾಡುತ್ತಿದ್ದರಂತೆ. ಇದನ್ನು ನನಗೆ ಹೇಳಿದವರು ಅವರೇ, ಅದೂ ಬಹಳ ಹೆಮ್ಮೆಯಿಂದ.

ನನಗೆ ಅವರ ಪರಿಚಯವಾಗುವ ಹೊತ್ತಿಗೆ ರಿಟೈರ್ ಆಗಿದ್ದರು. ನನ್ನದು ರಾಮನಗರದ ಸ್ಟೇಷನ್ ರಸ್ತೆಯಲ್ಲಿ ಒಂದು ಜೆರಾಕ್ಸ್ ಅಂಗಡಿ. ಬಿಡದಿ ಕಡೆ ಒಂದರ ಹಿಂದೊಂದು ಫ್ಯಾಕ್ಟರಿ ಏಳುತ್ತಿದ್ದ ಕಾಲ ಅದು. ನಾನೂ ಎರಡು ಕಂಪ್ಯೂಟರ್ ತಂದಿಟ್ಟು ಬೋರ್ಡಿನ ಮೇಲೆ ಇಂಟರ್‌ನೆಟ್ ಎಂದು ಸೇರಿಸಿದ್ದೆ. ಸುತ್ತಲ ಹಳ್ಳಿಯವರೆಲ್ಲ ಬಯೋಡೇಟಾ ಮಾಡಿಸಲು ಬರುತ್ತಿದ್ದರು. ಹುಟ್ಟಿದಾಗಿನಿಂದ ಸೊಪ್ಪು ಕೊಯ್ದದ್ದು ಬಿಟ್ಟು ಬೇರೇನೂ ಮಾಡದವರು ಕೂಡ ಹವ್ಯಾಸ ಎನ್ನುವ ಕಡೆ ಅಂಚೆಚೀಟಿ ಸಂಗ್ರಹ ಎಂದು ಹಾಕಿಸಿಕೊಂಡು ಹೋಗುತ್ತಿದ್ದರು.

ಮಾರ್ಚ್ ತಿಂಗಳ ಒಂದು ಮಧ್ಯಾಹ್ನ ಅವರು ಚಪ್ಪಲಿ ಹೊರಗೆ ಬಿಟ್ಟು, ಕಾಲೊರೆಸಲು ಗೋಣಿತಾಟು ಇಟ್ಟಿಲ್ಲವೆಂದು ನನ್ನನ್ನು ಬೈದು, ಒಳಗೆ ಬಂದರು. ಮೇಜಿನ ಮೇಲೆ ಒಂದು ಖಾಲಿ ಬಾಟಲಿ ಇಟ್ಟರು. ಅದರ ಮೈಮೇಲೆಲ್ಲ ಅರ್ಥವಾಗದ ಅಕ್ಷರ.

"ಅಮ್ಮಿ, ನಿನ್ನ ಕಂಪ್ಯೂಟ್ರಿಗೆ ಜಪಾನಿ ಬತ್ತದಾ?" ನಮ್ಮ ಕಡೆ ಹುಡುಗಿಯರನ್ನು ಕೂಗುವುದು ಹಾಗೆಯೇ.

"ನಂಗೇ ಬರಲ್ಲ ಸಾರ್."

"ನಿನ್ನ ಯಾರು ಕೇಳುದ್ರು? ಅದ್ನ ಕೇಳು."

ಆಮೇಲೆ ಜೇಬಿನಿಂದ ಬೆಂಕಿಪೊಟ್ಟಣ ತೆಗೆದರು. ಒಳಗೆ ಹತ್ತಿಯ ಮೇಲೆ ಒಂದೇ ಒಂದು ಕಂದು ಗುಳಿಗೆ, ಮೆಣಸಿನ ಕಾಳಿಗಿಂತ ಒಸಿ ದೊಡ್ಡದು. "ಉಳಿದಿರಾದು ಇದೊಂದೇಯ. ಮುಟ್ಟಬ್ಯಾಡ, ಮೂಸು" ಎಂದರು. ಮೂಸಿದೆ. ಒಣಮೀನಿನ ವಾಸನೆ. ಇಂಥದ್ದು ಇಂಡಿಯಾದಲ್ಲಿ ಎಲ್ಲಿ ಸಿಗುತ್ತದೆ, ಸಿಗದಿದ್ದರೆ ಮನೆಯಲ್ಲಿ ಮಾಡುವುದು ಹೇಗೆ, ಎರಡರಲ್ಲೊಂದನ್ನು ಕಂಪ್ಯೂಟರ್ ಹೇಳಬೇಕೆಂದು ಅಪ್ಪಣೆಯಾಯಿತು.

ಕತೆ ಇಷ್ಟು. ಅವರ ಅಳಿಯ ಕನಕಪುರದ ಕಡೆಯವನು. ಮೊದಲು ಕಲ್ಲು ಕ್ವಾರಿಯಲ್ಲಿ ಟ್ರ್ಯಾಕ್ಟರ್ ಓಡಿಸುತ್ತಿದ್ದವನು ಈಗ ಬಿಳಿ ಬಟ್ಟೆ ತೊಟ್ಟು, ಬಿಡದಿಯ ಫ್ಯಾಕ್ಟರಿಯೊಂದರ ಜಪಾನಿ ಎಂಜಿನಿಯರನ ಕಾರು ಓಡಿಸುತ್ತಿದ್ದ. ಆ ಎಂಜಿನಿಯರು ಬೆಂಗಳೂರಿನ ಮನೆಯಲ್ಲಿ ನೀರಿನ ತೊಟ್ಟಿಯೊಳಗೆ ಎರಡು ವಿಚಿತ್ರ ಪ್ರಾಣಿ ಸಾಕಿಕೊಂಡಿದ್ದ. ತಾಯಿಗೆ ಹುಷಾರಿಲ್ಲವೆಂದು ಮೂರು ತಿಂಗಳು ಊರಿಗೆ ಹೋಗಬೇಕಾಗಿ ಬಂದಾಗ ಅವನ್ನು ಡ್ರೈವರನ ಕೈಗೆ ಒಪ್ಪಿಸಿ ವಿಮಾನ ಹತ್ತಿದ. ಅವನು ಕೊಟ್ಟುಹೋದ ಊಟದ ಗುಳಿಗೆ ಬಾಟಲಿ ಮುಗಿಯುತ್ತ ಬಂದಾಗ ಅಳಿಯ ಹೆದರಿ, ಹುಳ ಸಾಕಿಸಿದ ಮಾವ ಇದ್ದಾರಲ್ಲ ಎಂದು ತೊಟ್ಟಿಯನ್ನೇ ಹೊತ್ತು ತಂದು ರಾಮನಗರದಲ್ಲಿ ಇಳಿಸಿದ. ಸಾಹೇಬ ಬಂದಾಗ ಎರಡೂ ಜೀವಂತ ಇರದಿದ್ದರೆ ತನ್ನ ಕೆಲಸ ಹೋದ ಹಾಗೇ ಎಂಬುದು ಅಳಿಯನ ಲೆಕ್ಕ. ಮಾವನಿಗೆ ಆ ಭಯಕ್ಕಿಂತ ದೊಡ್ಡದು ಅವರ ಹೆಸರು. "ನನ್ನ ಕೈಲಿ ಇದ್ದ ಜೀವ ಒಂದೂ ಕೆಟ್ಟಿಲ್ಲ. ಕೆಟ್ಟಿರಾದೆಲ್ಲ ಬ್ಯಾರೆಯವ್ರ ಕೈಲಿ" ಎನ್ನುತ್ತಿದ್ದರು.

ಪ್ರಾಣಿಯ ಹೆಸರು ಆಕ್ಸೊಲಾಟಲ್ ಎಂದು ಕಂಪ್ಯೂಟರ್ ಹೇಳಿತು. ಇನ್‌ಸ್ಪೆಕ್ಟರು ಒಪ್ಪಲಿಲ್ಲ. "ಆ ಹೆಸ್ರು ಕೂಗಿ ಮುಗಿಸೋ ಹೊತ್ಗೆ ಅದು ಸತ್ತೇ ಹೋಯ್ತದೆ. ನೀರುಹಲ್ಲಿ ಅನ್ನು, ಸಾಕು." ನೋಡಲು ಅವರ ಮನೆಗೆ ಹೋದೆ. ಹೊಸ್ತಿಲಲ್ಲಿ ಬ್ಲೀಚಿಂಗ್ ಪೌಡರ್ ಕಲಸಿದ ನೀರಿನ ತಟ್ಟೆ. ಅದರಲ್ಲಿ ಕಾಲದ್ದಿ, ಆಮೇಲೆ ಒಳ್ಳೆ ನೀರಿನಲ್ಲಿ ತೊಳೆದು, ಕೈಗೆ ಸೋಪು ಹಾಕಿದ ಮೇಲೆಯೇ ದರ್ಶನ. ಹುಳದ ಮನೆಗೆ ಹೋಗುವ ಶಿಸ್ತು ಅದು. ಅವರ ಮನೆಯಲ್ಲಿ ಅಡಿಗೆಮನೆಗೂ ಅದೇ, ಬಚ್ಚಲಿಗೂ ಅದೇ. ಅವರ ಹೆಂಡತಿಯ ಪಾದ ನೋಡಿದರೆ ಮೂವತ್ತು ವರ್ಷ ಬ್ಲೀಚಿಂಗ್ ಪೌಡರಿನಲ್ಲಿ ನೆನೆದದ್ದು ಗೊತ್ತಾಗುತ್ತಿತ್ತು.

ತೊಟ್ಟಿಯ ತಳದಲ್ಲಿ ಗೇಣುದ್ದದ ಎರಡು ಪ್ರಾಣಿ ಮಲಗಿದ್ದವು. ನಾಲ್ಕು ಕಾಲು, ಬಾಲ, ಕತ್ತಿನ ಎರಡೂ ಕಡೆ ಮೂರು ಮೂರು ಗರಿ. ಬಾಯಿ ಕಿವಿಯವರೆಗೆ, ಸದಾ ನಕ್ಕ ಹಾಗೆ. ಒಂದು ಬಿಳಿ, ಒಂದು ಕಪ್ಪು. ಬಿಳಿಯದಕ್ಕೆ ಅವರು ಇಟ್ಟ ಹೆಸರು ಬಿಳಿಗೂಡು, ಕಪ್ಪಿಗೆ ನಾಟಿ, ಎರಡೂ ರೇಷ್ಮೆಹುಳದ ತಳಿಯ ಹೆಸರು. "ಬಿಳಿಗೂಡಿನ ಹುಳ ನಾಜೂಕು, ನಾಟಿ ಗಟ್ಟಿ. ಇವೂ ಹಂಗೇಯ" ಎಂದು ಎರಡೇ ದಿನದ ಪರಿಚಯದಲ್ಲಿ ತೀರ್ಮಾನ ಮಾಡಿದ್ದರು. ತೀರ್ಮಾನ ಮಾಡಲು ಅವರಿಗೆ ಎಂದೂ ಎರಡು ದಿನಕ್ಕಿಂತ ಹೆಚ್ಚು ಬೇಕಾಗಿರಲಿಲ್ಲ.

ಗುಳಿಗೆ ಹುಡುಕಿಕೊಂಡು ಬೆಳಗಿನ ರೈಲಿಗೆ ಬೆಂಗಳೂರಿಗೆ ಹೋದರು. ಮೀನಿನ ಅಂಗಡಿಯವನು ಕೆಂಪು, ಹಸಿರು ಗುಳಿಗೆ ಕೊಟ್ಟು ಕಳಿಸಿದ. ಅವು ನೀರಿನ ಮೇಲೇ ತೇಲಿದವು. ನೀರುಹಲ್ಲಿಗಳು ತಳ ಬಿಟ್ಟು ಏಳಲಿಲ್ಲ, ತಲೆ ಎತ್ತಿ ನೋಡಲೂ ಇಲ್ಲ. "ಸರ್ಕಾರಿ ನೌಕರ್ರು ಇವು. ಮೇಜಿನ ಮ್ಯಾಲೆ ತಂದು ಮಡಗುದ್ರೆ ಮಾತ್ರ ಮುಟ್ತವೆ" ಎಂದರು. ಇನ್ನೊಂದು ಅಂಗಡಿಯ ಗುಳಿಗೆ ಮುಳುಗಿತು, ಆದರೆ ಜಲ್ಲಿಯ ಹಾಗೆ ಗಟ್ಟಿ. ಬಿಳಿಗೂಡು ಬಾಯಿಗೆ ಹಾಕಿಕೊಂಡು ಹೊರಗೆ ಉಗಿಯಿತು. ಮೂರನೆಯದು ನೀರಿಗೆ ಬಿದ್ದ ಗಳಿಗೆಯಲ್ಲೇ ಕರಗಿ ತೊಟ್ಟಿಯನ್ನೆಲ್ಲ ಕದಡಿತು. ಕಂಪ್ಯೂಟರಿನಲ್ಲಿ ನಾನು ಓದಿ ಹೇಳಿದ್ದೂ ಅದೇ: ಮುಳುಗಬೇಕು, ಮೆತ್ತಗಿರಬೇಕು, ಕರಗಬಾರದು, ಮಾಂಸದ ಸತ್ವ ಇರಬೇಕು.

"ಮಾಂಸ ಅಂದ್ಯಾ?" ಎಂದು ಅವರು ಎದ್ದು ನಿಂತರು. "ರಾಮನಗರದಾಗೆ ಕುಂತ್ಕಂಡು ಮಾಂಸಕ್ಕೆ ಬೆಂಗ್ಳೂರಿಗೆ ಹೋಗಿದ್ನಲ್ಲ, ನನ್ನ ಬುದ್ಧಿಗಿಷ್ಟು."

ನಮ್ಮ ಊರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ಬಿಚ್ಚಿದ ಮೇಲೆ ಉಳಿಯುವ ಸತ್ತ ಹುಳವನ್ನು ರಾಶಿ ಹಾಕುತ್ತಾರೆ. ಊರಿನ ವಾಸನೆಯೇ ಅದು. ಹೊರಗಿನವರು ಬಸ್ಸಿನ ಕಿಟಕಿ ಮುಚ್ಚಿಕೊಳ್ಳುತ್ತಾರೆ, ನಾವು ಊರು ಬಂತೆಂದು ಚಪ್ಪಲಿ ಹುಡುಕುತ್ತೇವೆ. ಇನ್‌ಸ್ಪೆಕ್ಟರು ಒಂದು ಚೀಲ ತಂದು ತಾರಸಿಯಲ್ಲಿ ಒಣಗಿಸಿ, ಹೆಂಡತಿಯ ಮಿಕ್ಸಿಗೆ ಹಾಕಿ ಪುಡಿ ಮಾಡಿ, ನೀರಿನಲ್ಲಿ ಕಲಸಿ, ಹೆಂಡತಿಯದೇ ಚಕ್ಕುಲಿ ಒರಳಿನಲ್ಲಿ ಒತ್ತಿ, ದಾರದಂತೆ ಬಂದದ್ದನ್ನು ಬ್ಲೇಡಿನಿಂದ ಕತ್ತರಿಸಿದರು. ಅಷ್ಟು ಹೊತ್ತು ಆ ಹೆಂಗಸು ನಡುಮನೆಯಲ್ಲಿ ಕೂತು ಆಡಿದ ಮಾತುಗಳನ್ನು ಇಲ್ಲಿ ಬರೆಯುವ ಹಾಗಿಲ್ಲ.

ಆದರೆ ಕತ್ತರಿಸಿದ ಚೂರು ಕೂಡಿ ನಿಲ್ಲಲಿಲ್ಲ, ಪುಡಿಪುಡಿಯಾಗಿ ಉದುರಿತು. ಅಂಟಿಗೆ ಏನಾದರೂ ಬೇಕು. ಇಲ್ಲಿಯೇ ಅವರಿಗೆ ಆ ಮಹಾ ಉಪಾಯ ಹೊಳೆದದ್ದು. ನೀರುಹಲ್ಲಿಗೆ ಅಗಿಯುವ ಹಲ್ಲಿಲ್ಲ, ಬಾಯಿ ತೆಗೆದು ಇಡಿಯಾಗಿ ಒಳಗೆಳೆದುಕೊಳ್ಳುತ್ತದೆ ಎಂದು ನಾನು ಓದಿ ಹೇಳಿದ್ದೆ. ಅವರು ಬೆಂಕಿಪೊಟ್ಟಣದ ಆ ಕೊನೆಯ ಗುಳಿಗೆ ಹಾಕಿ, ತೊಟ್ಟಿಯ ಮುಂದೆ ಕೂತು ಅದನ್ನು ಕಣ್ಣಾರೆ ನೋಡಿದರು. ಮಾರನೆಯ ದಿನ ಅಂಗಡಿಗೆ ಬಂದವರ ಮುಖ ಬೆಳಗುತ್ತಿತ್ತು.

"ಅಮ್ಮಿ, ಅವು ಅಗಿಯಕ್ಕಿಲ್ಲ, ನುಂಗ್ತವೆ. ಜಪಾನಿಯೂ ಅಲ್ಲ, ಎಂಥದ್ದೂ ಅಲ್ಲ, ನಮ್ಮ ಕಡೆಯವೇ ಅವು."

ಅಂದರೆ ರಾಗಿ. ಹುಳದ ಪುಡಿ ಒಂದು ಪಾಲು, ರಾಗಿಹಿಟ್ಟು ಎರಡು ಪಾಲು, ಕುದಿಯುವ ನೀರಿಗೆ ಹಾಕಿ ಕೋಲಾಡಿಸಿ, ಗಂಟಿಲ್ಲದಂತೆ ತಿರುವಿ, ಅಂಗೈಯಲ್ಲಿ ಎಣ್ಣೆ ಸವರಿಕೊಂಡು ಕಡಲೆಕಾಳಿನಷ್ಟು ಮುದ್ದೆ ಕಟ್ಟಿದರು. ಮುಳುಗಿತು. ಮೆತ್ತಗಿತ್ತು. ಕರಗಲಿಲ್ಲ. ಎರಡೂ ಗುಳುಂ ಎಂದು ನುಂಗಿದವು, ನಾಟಿ ಎರಡು, ಬಿಳಿಗೂಡು ಆರು. ಅವತ್ತು ಇನ್‌ಸ್ಪೆಕ್ಟರು ಬೀದಿಯವರಿಗೆಲ್ಲ ಕಾಫಿ ಕುಡಿಸಿದರು. ರಾಗಿ ಅದಕ್ಕೆ ಜೀರ್ಣವಾಗುತ್ತದೋ ಇಲ್ಲವೋ ಒಂದು ಸಲ ನೋಡೋಣ ಸಾರ್ ಎಂದೆ. "ರಾಗಿ ತಿಂದು ಕೆಟ್ಟೋರು ಯಾರಿದ್ದಾರು ಹೇಳು. ಅಕ್ಕಿ ತಿಂದು ನೀನು ಒಣಗಿಲ್ವಾ?" ಎಂದು ನನ್ನ ಬಾಯಿ ಮುಚ್ಚಿಸಿದರು.

ವಾರದ ಮೇಲೆ ಬಿಳಿಗೂಡು ತಿನ್ನುವುದು ನಿಲ್ಲಿಸಿತು. ತಲೆ ಎತ್ತಿಕೊಂಡು ಕದಲದೆ ಕೂತಿತು. ನೋಡಿದವರಿಗೆ ಗಾಬರಿಯಾಗಬೇಕು. ಇವರಿಗೆ ಖುಷಿಯಾಯಿತು.

ಕಾರಣ ಇದೆ. ರೇಷ್ಮೆಹುಳ ಬೆಳೆಯುವಾಗ ನಾಲ್ಕು ಸಲ ಪೊರೆ ಬಿಡುತ್ತದೆ. ಅದಕ್ಕೆ ಮೊದಲು ತಿನ್ನುವುದು ಬಿಟ್ಟು ತಲೆ ಎತ್ತಿಕೊಂಡು ಅಲ್ಲಾಡದೆ ಕೂರುತ್ತದೆ. ಜ್ವರಕ್ಕೆ ಕೂತಿದೆ ಎನ್ನುತ್ತಾರೆ ನಮ್ಮ ಕಡೆ. ಆಗ ಸೊಪ್ಪು ಹಾಕಬಾರದು, ಮುಟ್ಟಬಾರದು, ಸದ್ದು ಮಾಡಬಾರದು. ಎದ್ದ ಮೇಲೆ ಹುಳ ದುಪ್ಪಟ್ಟು ತಿಂದು ದುಪ್ಪಟ್ಟು ಬೆಳೆಯುತ್ತದೆ. ಹುಳ ಸಾಕುವ ಮಕ್ಕಳಿಗೂ ಗೊತ್ತಿರುವ ವಿಷಯ ಇದು. ಇನ್‌ಸ್ಪೆಕ್ಟರು ನೀರುಹಲ್ಲಿಯೂ ಜ್ವರಕ್ಕೆ ಕೂತಿದೆಯೆಂದು ಸಾರಿ, ಕೋಣೆಯ ಬಾಗಿಲು ಹಾಕಿ, ಮನೆಯಲ್ಲಿ ಕುಕ್ಕರ್ ಕೂಗಿಸುವುದನ್ನೂ ನಿಲ್ಲಿಸಿದರು.

ಮೂರನೆಯ ದಿನ ಅಂಗಡಿಯಲ್ಲಿ ನಾನು ಓದುತ್ತ ಹೋದೆ. ಈ ಪ್ರಾಣಿ ಹುಳದ ಹಾಗೆ ಜ್ವರಕ್ಕೆ ಕೂರುವುದೇ ಇಲ್ಲ. ತಿನ್ನುವುದು ಬಿಟ್ಟು ಹೊಟ್ಟೆ ಉಬ್ಬಿದ್ದರೆ ಒಳಗೆ ಏನೋ ಕಟ್ಟಿಕೊಂಡಿದೆ ಎಂದು ಅರ್ಥ. ಜೊತೆಗೆ ನಮ್ಮ ಏಪ್ರಿಲ್ ಬಿಸಿಲಿನ ನೀರು ಅದಕ್ಕೆ ಆಗುವುದೇ ಇಲ್ಲ. ಹಾಳೆ ಪ್ರಿಂಟ್ ತೆಗೆದುಕೊಂಡು ಓಡಿದೆ. ಅವರು ಬಾಗಿಲಿಗೆ ಅಡ್ಡ ನಿಂತರು.

"ಸಾರ್, ಅದು ಜ್ವರ ಅಲ್ಲ. ತಣ್ಣೀರಿಗೆ ಬಿಡಬೇಕಂತೆ, ಮುದ್ದೆ ನಿಲ್ಲಿಸ್ಬೇಕಂತೆ."

"ಇದ್ನ ಬರ್ದೋನು ಹುಳ ಸಾಕವ್ನಾ?"

"ಇದನ್ನೇ ಸಾಕಿದಾನೆ ಸಾರ್."

"ಮೂವತ್ತು ವರ್ಷ ನಾನು ಜ್ವರ ನೋಡಿವ್ನಿ. ನೀನು ಹೋಗಿ ಜೆರಾಕ್ಸ್ ಮಾಡೋಗು."

ನನಗೆ ಅಂದು ಬಂದ ಸಿಟ್ಟು ಈಗಲೂ ನೆನಪಿದೆ. ಆದರೂ ವಾಪಸು ಬಂದುಬಿಟ್ಟೆ. ಆರನೆಯ ದಿನ ಬೆಳಗ್ಗೆ ಅವರ ಹೆಂಡತಿ ಹೇಳಿಕಳಿಸಿದರು. ಬಿಳಿಗೂಡು ಸತ್ತಿತ್ತು. ಬಿದಿರಿನ ತಟ್ಟೆಯಲ್ಲಿ ಪೇಪರು ಹಾಸಿ ಮಲಗಿಸಿದ್ದರು. ಸತ್ತ ಮೇಲೂ ಆ ದರಿದ್ರ ಪ್ರಾಣಿ ನಗುತ್ತಲೇ ಇತ್ತು. ಅಳಿಯ ಗೋಡೆಗೊರಗಿ ಕೂತಿದ್ದ. ಇನ್‌ಸ್ಪೆಕ್ಟರು ಮಾತ್ರ ಇಸ್ತ್ರಿ ಶರ್ಟು ತೊಟ್ಟು, ತನಿಖೆಗೆ ಬಂದ ಹಾಗೆ ನಿಂತಿದ್ದರು.

"ಈ ಕ್ವಾಣೆಗೆ ಯಾರ್ ಯಾರು ಬಂದಿದ್ರಿ?" ಎಂದು ಎಲ್ಲರನ್ನೂ ಕೇಳಿದರು. ಆಮೇಲೆ ನನ್ನ ಕಡೆ ತಿರುಗಿ, ಆಫೀಸಿನ ದನಿಯಲ್ಲಿ, "ಅಮ್ಮಿ, ಬೇಜಾರ್ ಮಾಡ್ಕಬ್ಯಾಡ. ಅವತ್ತು ಬಂದಾಗ ನೀನೇನಾರ ಮುಟ್ಟಾಗಿದ್ದಾ?" ಎಂದರು.

ಮೈಯೆಲ್ಲ ಉರಿದುಹೋಯಿತು. "ಸಾರ್, ಅದಕ್ಕೆ ಮುದ್ದೆ ತಿನ್ನಿಸಿದ್ದು ನಾನಲ್ಲ" ಎಂದೆ.

ಇನ್ನೂ ಏನೇನು ಅನ್ನುತ್ತಿದ್ದೆನೋ, ಅಷ್ಟರಲ್ಲಿ ಅವರ ಹೆಂಡತಿ ಕೈಯಲ್ಲಿದ್ದ ಸೌಟು ಕೆಳಗಿಟ್ಟರು. ಆ ಹೆಂಗಸು ಜೋರಾಗಿ ಮಾತಾಡುವವರೇ, ಆದರೆ ಅವತ್ತು ಮೆಲ್ಲಗೆ ಮಾತಾಡಿದರು.

"ರಿಪೋರ್ಟಿಗೆ ಹಾಳೆ ತರ್ಲಾ? ಬರ್ಕಳಿ. ಹುಳದ ಮನೇಲಿ ಶುಚಿತ್ವ ಇರ್ನಿಲ್ಲ ಅಂತ ಬರ್ಕಳಿ. ಬೆಳೆ ಕೆಟ್ಟ ಮನೇಗೆಲ್ಲ ಅದೊಂದೇ ಗೆರೆ ತಾನೆ ನೀವು ಬರ್ದಿರಾದು? ನೀವು ಗೆರೆ ಬರ್ದು ಸೈಕಲ್ ಹತ್ತಿ ಬತ್ತಿದ್ರಿ. ಆಮೇಲೆ ಆ ಮನೆ ಹೆಂಗಸು ಏನಾಗ್ತಿದ್ಲು ಅಂತ ಒಂದಿನಾರ ತಿರುಗಿ ನೋಡುದ್ರಾ? ಕೂಟಗಲ್ಲಾಗೆ ನನ್ನ ತಂಗಿ ಮನೇಗೂ ಅದೇ ಗೆರೆ ಬರುದ್ರಿ. ಮುಟ್ಟಾಗಿ ಹುಳ ಮುಟ್ಟವ್ಳೆ ಅಂತ ಅವ್ಳನ್ನ ಹೊಡ್ದು ತೌರಿಗೆ ಅಟ್ಟುದ್ರು. ಅವ್ಳು ಆಗ ಮೂರು ತಿಂಗ್ಳ ಬಸುರಿ. ಮುಟ್ಟು ಎಲ್ಲಿಂದ ಬಂತು?"

ಕುಣಿಯಲಾರದವಳು ನೆಲ ಡೊಂಕು ಎಂದಳಂತೆ ಎನ್ನುವ ಗಾದೆ ನನ್ನ ನಾಲಿಗೆಯ ತುದಿಗೆ ಬಂದಿತ್ತು, ನುಂಗಿಕೊಂಡೆ. ಇನ್‌ಸ್ಪೆಕ್ಟರು ಕನ್ನಡಕ ಹಾಕಿಕೊಂಡು, ಬ್ಲೇಡು ತೆಗೆದುಕೊಂಡು ತಟ್ಟೆಯ ಮುಂದೆ ಕೂತರು. ಬಿಳಿಗೂಡಿನ ಹೊಟ್ಟೆಯನ್ನು ನಿಧಾನಕ್ಕೆ ಸೀಳಿದರು. ಒಳಗೆ ರಾಗಿ ಕಲ್ಲಿನ ಹಾಗೆ ಕೂತಿತ್ತು. ಕಟ್ಟಿದ ಮುದ್ದೆ ಕಟ್ಟಿದ ಹಾಗೇ ಇತ್ತು, ಒಂದಕ್ಕೊಂದು ಅಂಟಿಕೊಂಡು. ಅವರು ಅದನ್ನು ಬೆರಳಿನಲ್ಲಿ ಒತ್ತಿ ನೋಡಿದರು. ನನ್ನ ಕಡೆ ನೋಡಲಿಲ್ಲ. ನಾನು ಎದ್ದು ಬಂದೆ.

ಮಾರನೆಯ ದಿನ ಅಂಗಡಿ ಬಾಗಿಲು ತೆಗೆಯುವ ಮೊದಲೇ ಮೆಟ್ಟಿಲ ಮೇಲೆ ಕೂತಿದ್ದರು. "ಆ ಹಾಳೆ ಓದು. ಪೂರ್ತಿ ಓದು. ನಾನು ನಡುವೆ ಬಾಯಿ ಹಾಕಕ್ಕಿಲ್ಲ" ಎಂದರು. ಓದಿದೆ. ನಿಜವಾಗಿಯೂ ಬಾಯಿ ಹಾಕಲಿಲ್ಲ.

ನಾಟಿ ಕಡಿಮೆ ಮುದ್ದೆ ತಿಂದಿತ್ತು, ಅದಕ್ಕೇ ಇನ್ನೂ ಉಸಿರಿತ್ತು. ಮುದ್ದೆ ನಿಂತಿತು. ಬೇಸಿಗೆಯಲ್ಲಿ ಹುಳದ ಮನೆ ತಂಪಾಗಿಡುವ ವಿದ್ಯೆ ಅವರಿಗೆ ಚೆನ್ನಾಗಿ ಗೊತ್ತಿದ್ದದ್ದೇ. ಕಿಟಕಿಗೆಲ್ಲ ಗೋಣಿತಾಟು ಕಟ್ಟಿ ಗಳಿಗೆಗೊಂದು ಸಲ ನೀರು ಚಿಮುಕಿಸಿದರು. ತೊಟ್ಟಿಯ ಸುತ್ತ ಒದ್ದೆ ಬಟ್ಟೆ ಸುತ್ತಿ ಫ್ಯಾನು ಇಟ್ಟರು. ಹಿಪ್ಪುನೇರಳೆ ತೋಟದ ಗೊಬ್ಬರ ಕೆದಕಿ ಎರೆಹುಳ ತಂದು, ತೊಳೆದು, ಹುಬ್ಬು ಕೀಳುವ ಚಿಮಟದಲ್ಲಿ ಹಿಡಿದು ಒಂದೊಂದಾಗಿ ನಾಟಿಯ ಬಾಯಿಗೆ ಕೊಟ್ಟರು. ಮೊದಲ ನಾಲ್ಕು ದಿನ ಅದು ಮುಖ ತಿರುಗಿಸಿತು. ಐದನೆಯ ದಿನ ಅವರು ಅಂಗಡಿಗೆ ಬಂದು, "ಹೇತೈತೆ" ಎಂದರು. ಅಷ್ಟು ಸಂತೋಷದಿಂದ ಆ ಮಾತು ಹೇಳಿದವರನ್ನು ನಾನು ಬೇರೆ ನೋಡಿಲ್ಲ. ನನಗೂ ಅಷ್ಟೇ ಸಂತೋಷವಾಯಿತು.

ಗುಳಿಗೆಯ ಹಟವನ್ನೂ ಅವರು ಬಿಡಲಿಲ್ಲ. ಈ ಸಲ ಹುಳದ ಪುಡಿಯನ್ನು ಬಟ್ಟೆಯಲ್ಲಿ ಕಟ್ಟಿ ಹಿಂಡಿ ಎಣ್ಣೆ ತೆಗೆದರು. ರಾಗಿಯ ಬದಲು ಮೊಟ್ಟೆಯ ಬಿಳಿ, ಒಣಮೀನಿನ ಪುಡಿ ಸೇರಿಸಿ ಆವಿಯಲ್ಲಿ ಬೇಯಿಸಿದರು. ಮೊದಲು ಒಂದೇ ಒಂದು ಕೊಟ್ಟು, ಅದು ಹೊರಗೆ ಬರುವವರೆಗೆ ಕಾದು, ಆಮೇಲೆ ಇನ್ನೊಂದು. ಎರಡೇ ದಿನದಲ್ಲಿ ತೀರ್ಮಾನ ಮಾಡುವ ಮನುಷ್ಯ ಒಂದು ಗುಳಿಗೆಗೆ ಮೂರು ವಾರ ತೆಗೆದುಕೊಂಡರು. ಗುಳಿಗೆ ಸರಿಹೋಯಿತು. ಅಷ್ಟರಲ್ಲಿ ಸಾಹೇಬ ಬರುವ ದಿನವೂ ಬಂತು.

ಅಳಿಯ ಗೋಗರೆದ. "ಮಾವ, ಬೆಕ್ಕು ತಿಂದ್ಬುಟ್ಟದೆ ಅನ್ನಾಣ."

"ಬೆಕ್ಕಿನ ಹೆಸ್ರು ಯಾಕ್ಲಾ ಕೆಡುಸ್ತೀಯೆ? ಅದೇನು ಮಾಡೈತೆ ನಿಂಗೆ?"

ನನ್ನ ಅಂಗಡಿಗೆ ಬಂದು ಕಾಗದ ಹೇಳಿ ಬರೆಸಿದರು. ವಿಷಯ, ಬಿಳಿ ಪ್ರಾಣಿಯ ಮರಣದ ಬಗ್ಗೆ. ಮಾನ್ಯರೇ, ಸದರಿ ಪ್ರಾಣಿಗೆ ರಾಗಿ ತಿನ್ನಿಸಲಾಗಿ, ಅದು ಜೀರ್ಣವಾಗದೆ, ತಿಳಿದವರು ಹೇಳಿದರೂ ಕೇಳದೆ ಉಪವಾಸ ಕೆಡವಲಾಗಿ, ಪ್ರಾಣಿ ಸತ್ತಿರುತ್ತದೆ. ಕಾರಣ, ಸಾಕಿದವನ ತಿಳಿಗೇಡಿತನ. ಡ್ರೈವರನ ತಪ್ಪಿಲ್ಲ. ನಾನು ನಿಘಂಟು ಹಿಡಿದು ಇಂಗ್ಲಿಷಿಗೆ ತಿರುಗಿಸಿದೆ. ತಿಳಿಗೇಡಿತನಕ್ಕೆ ಮೆತ್ತಗಿನ ಪದ ಹಾಕಲೇ ಎಂದು ಕೇಳಿದೆ. ಬೇಡವೆಂದರು.

ಸಾಹೇಬ ಬಂದ. ಅವನಿಗೂ ಕಾಲು ತೊಳೆಸಿದರು. ಕಾಗದ ಓದಿಕೊಂಡು ಅವನು ತಲೆ ಬಗ್ಗಿಸಿ ಏನೋ ಹೇಳಿದ. ಅಳಿಯ ಉಸಿರು ಬಿಟ್ಟು ತಿರುಗಿಸಿ ಹೇಳಿದ: "ಬೇಜಾರ್ ಮಾಡ್ಕಬ್ಯಾಡಿ ಅಂತವ್ರೆ ಮಾವ. ಮೂರು ತಿಂಗ್ಳಿಗೆ ಸಾಕಾಗೋವಷ್ಟು ಊಟ ಮಡಗದೆ ಹೋಗಿದ್ದು ಅವ್ರದೇ ತಪ್ಪಂತೆ." ಆಮೇಲೆ ನಾಟಿಯನ್ನೂ ಎರಡು ಬಾಟಲಿ ಗುಳಿಗೆಯನ್ನೂ ಕಾರಿಗೆ ಹಾಕಿಕೊಂಡು, ಅಳಿಯನನ್ನೇ ಓಡಿಸಲು ಹೇಳಿ ಹೊರಟುಹೋದ. ಅಳಿಯನ ಕೆಲಸ ಉಳಿಯಿತು.

ಇನ್‌ಸ್ಪೆಕ್ಟರು ಬೀದಿಯಲ್ಲಿ ನಿಂತೇ ಇದ್ದರು. ಮುಖ ಸಣ್ಣಗಾಗಿತ್ತು. "ನೋಡುದ್ಯಾ ಅಮ್ಮಿ, ತಪ್ಪು ನಂದು, ತಲೆ ಬಗ್ಸುದೋನು ಅವ್ನು. ನಾನು ಒಬ್ರನ್ನೂ ಹಂಗೆ ಬುಟ್ಟಿರ್ನಿಲ್ಲ" ಎಂದರು. ನನಗೆ ಅವರ ಮೇಲಿದ್ದ ಸಿಟ್ಟೆಲ್ಲ ಅಲ್ಲೇ ಇಳಿದುಹೋಯಿತು.

ಒಂದು ವಾರ ಕಾಣಲಿಲ್ಲ. ಆಮೇಲೆ ಒಂದು ಬೆಳಗ್ಗೆ ಬಂದರು.

"ಆ ಕಾಗದ ಐತಾ ಕಂಪ್ಯೂಟ್ರಾಗೆ?"

"ಐತೆ ಸಾರ್."

"ಕನ್ನಡದಾಗೆ ಮಾಡು. ಪ್ರಾಣಿ ಅನ್ನೋ ಕಡೆ ರೇಷ್ಮೆ ಬೆಳೆ ಅಂತ ಹಾಕು. ಕಾರಣ ಅಂತ ಐತಲ್ಲ, ಅಲ್ಲಿ ಇನ್‌ಸ್ಪೆಕ್ಟರ ತಿಳಿಗೇಡಿತನ ಅಂತ ಮಾಡು. ಮನೆ ಹೆಂಗಸರ ತಪ್ಪೇನೂ ಇರ್ನಿಲ್ಲ ಅಂತ ಒಂದು ಗೆರೆ ಸೇರ್ಸು. ಮ್ಯಾಲೆ ಹೆಸ್ರು, ಊರು ಬರ್ಯೋ ಜಾಗ ಖಾಲಿ ಬುಡು."

ಟೈಪ್ ಮಾಡಿ ಒಂದು ಹಾಳೆ ತೆಗೆದು ಕೊಟ್ಟೆ. ಎರಡು ಸಲ ಓದಿ ಸರಿ ಎಂದರು. ಜೆರಾಕ್ಸ್ ಮಿಷನ್ ಮುಚ್ಚಳ ಎತ್ತಿ, "ಎಷ್ಟು ಕಾಪಿ ಸಾರ್?" ಎಂದೆ.

ಅವರು ಹೆಬ್ಬೆರಳಿನಿಂದ ಬೆರಳ ಗೆಣ್ಣು ಎಣಿಸತೊಡಗಿದರು. ತುಟಿ ಅಲ್ಲಾಡುತ್ತಿತ್ತು. ಕೂಟಗಲ್ ಎಂದದ್ದು ಕೇಳಿಸಿತು, ಮಾಗಡಿ ಕಡೆ ಎಂದದ್ದು ಕೇಳಿಸಿತು. ಬಲಗೈ ಮುಗಿಯಿತು, ಎಡಗೈ ಮುಗಿಯಿತು, ಮತ್ತೆ ಬಲಗೈಗೆ ಬಂದರು. ಅರ್ಧಕ್ಕೆ ನಿಲ್ಲಿಸಿ ಸ್ಟೂಲಿನ ಮೇಲೆ ಕೂತುಬಿಟ್ಟರು.

"ನಿನ್ನ ಮಿಷನ್ನಾಗೆ ಇಂಕು ಎಷ್ಟೈತೆ, ಅದ ಮೊದ್ಲು ನೋಡಮ್ಮಿ" ಎಂದರು.